ಸಹಿಯ ಹಿಂದಿನ ಸಂಜೆ ನಮ್ಮನ್ನು ಕರೆಯಬೇಡಿ: ನಿರ್ದೇಶಕ ಮಂಡಳಿಗಳಿಗೆ ಕಂಪನಿಯೊಳಗಿನ ವಕೀಲರ ಬಹಿರಂಗ ಪತ್ರ

ಮಾನ್ಯ ನಿರ್ದೇಶಕರೇ, ಮುಖ್ಯ ಕಾರ್ಯನಿರ್ವಾಹಕರೇ,

ಕಾನೂನು ವಿಭಾಗದ ಬಗ್ಗೆ ನೀವು ಆಡುವ ಮಾತು ಬದಲಾಗಿದೆ. ‘ಲೀಗಲ್‌ನವರು ಅಡ್ಡಗಾಲು ಹಾಕುತ್ತಾರೆ’ ಅನ್ನುತ್ತಿದ್ದ ಕಡೆಯೇ ಈಗ ‘ಲೀಗಲ್ ನಮ್ಮ ವ್ಯವಹಾರದ ಪಾಲುದಾರ’ ಅನ್ನುವುದು ಕೇಳುತ್ತದೆ. ಈ ಬದಲಾವಣೆ ನಮಗೆ ಬೇಕಾಗಿತ್ತು, ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಮಾತು ಬದಲಾದಷ್ಟು ಬೇಗ ಕೆಲಸದ ರೀತಿ ಬದಲಾಗಿಲ್ಲ. ಈಗಲೂ ಅರವತ್ತು ಪುಟದ ಕರಾರು ಸಂಜೆ ಆರಕ್ಕೆ ಬಂದು, ‘ನಾಳೆ ಬೆಳಿಗ್ಗೆ ಸಹಿ, ಒಮ್ಮೆ ಕಣ್ಣಾಡಿಸಿಬಿಡಿ’ ಅನ್ನುತ್ತದೆ. ಅಷ್ಟು ಹೊತ್ತಿಗೆ ಬೆಲೆ, ಗಡುವು, ದಂಡ, ಹೊರಬರುವ ದಾರಿ ಎಲ್ಲವೂ ಮಾತಾಗಿ ಮುಗಿದಿರುತ್ತದೆ. ನಮಗೆ ಉಳಿಯುವುದು ಕಾಗುಣಿತ ತಿದ್ದುವ ಕೆಲಸ, ಇಲ್ಲವೇ ಎಲ್ಲರೂ ಒಪ್ಪಿದ್ದನ್ನು ತಡೆದು ಬೈಸಿಕೊಳ್ಳುವ ಕೆಲಸ.

ನಮ್ಮ ಕೋರಿಕೆ ಎರಡು. ನಮ್ಮನ್ನು ಬೆಲೆ ಮಾತಾಗುವ ಮೊದಲೇ ಕರೆಯಿರಿ. ‘ಇದು ಕೂಡದು’ ಎಂದು ನಾವು ಹೇಳಬೇಕಾದ ದಿನ, ಆ ಮಾತು ನಿಮ್ಮ ಮೇಜಿನ ತನಕ ತಲುಪುವ ದಾರಿಯನ್ನು ತೆರೆದಿಡಿ. ಇವೆರಡರಲ್ಲಿ ಒಂದನ್ನು ಮಾತ್ರ ಕೊಟ್ಟರೆ ಉಪಯೋಗವಿಲ್ಲ. ಬೇಗ ಕರೆದು ಬಾಯಿ ಕಟ್ಟಿದರೆ ನಾವು ನಿಮ್ಮ ತಪ್ಪಿಗೆ ಸಾಕ್ಷಿಗಳಾಗುತ್ತೇವೆ. ಮಾತಾಡಲು ಬಿಟ್ಟು ತಡವಾಗಿ ಕರೆದರೆ ನಮ್ಮ ಮಾತು ಶಾಸ್ತ್ರಕ್ಕಷ್ಟೇ.

ಬೇಗ ಎಂದರೆ ಎಷ್ಟು ಬೇಗ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಸಾಫ್ಟ್‌ವೇರ್ ಸೇವೆಯೊಂದನ್ನು ಮಾರುವಾಗ ‘ಸೇವೆ ಶೇ. 99.9ರಷ್ಟು ಹೊತ್ತು ಲಭ್ಯ’ ಎಂದು ಸೇಲ್ಸ್‌ನವರು ಒಪ್ಪುತ್ತಾರೆ. ಗಿರಾಕಿ ಇನ್ನೂ ಸ್ವಲ್ಪ ಎಳೆದಾಗ ಅದು 99.99 ಆಗುತ್ತದೆ. ಕಾಗದದ ಮೇಲೆ ಒಂದೇ ಒಂದು ಅಂಕಿ ಹೆಚ್ಚಾಗಿದೆ. ಲೆಕ್ಕ ಹಾಕಿದರೆ, ಮೂವತ್ತು ದಿನದ ತಿಂಗಳಲ್ಲಿ ಮೊದಲನೆಯದು ಸುಮಾರು 43 ನಿಮಿಷ ಸೇವೆ ನಿಲ್ಲಲು ಬಿಡುತ್ತದೆ, ಎರಡನೆಯದು ಕೇವಲ 4 ನಿಮಿಷ ಚಿಲ್ಲರೆ. ತಾಂತ್ರಿಕ ತಂಡ ವಾರಕ್ಕೊಮ್ಮೆ ಹತ್ತು ನಿಮಿಷ ಸರ್ವರ್ ನಿಲ್ಲಿಸಿ ನಿರ್ವಹಣೆ ಮಾಡುತ್ತಿದ್ದರೆ, ಯೋಜಿತ ನಿರ್ವಹಣೆಯನ್ನು ಲೆಕ್ಕದಿಂದ ಹೊರಗಿಡದ ಕರಾರನ್ನು ಕಂಪನಿ ಮೊದಲ ತಿಂಗಳಿಂದಲೇ ಮುರಿಯುತ್ತಿರುತ್ತದೆ. ಸಹಿಯ ಹಿಂದಿನ ಸಂಜೆ ನಾವು ಇದನ್ನು ಎತ್ತಿದರೆ ‘ವ್ಯವಹಾರ ಕೆಡಿಸಬೇಡಿ’ ಎಂಬ ಉತ್ತರ ಬರುತ್ತದೆ. ಪ್ರಸ್ತಾವ ಸಿದ್ಧವಾಗುವಾಗಲೇ ಅಲ್ಲಿದ್ದಿದ್ದರೆ ‘ನಿರ್ವಹಣೆಯ ಹೊತ್ತನ್ನು ಬಿಟ್ಟು’ ಎಂಬ ಮೂರು ಪದ ಸೇರಿಸಲು ಎರಡು ನಿಮಿಷ ಸಾಕಾಗುತ್ತಿತ್ತು, ಗಿರಾಕಿಯೂ ಮುನಿಯುತ್ತಿರಲಿಲ್ಲ.

ಏಕಮಾತ್ರ ಹಕ್ಕಿನ ಷರತ್ತಿನ ಕಥೆಯೂ ಇದೇ. ಒಬ್ಬ ವಿತರಕನನ್ನು ಹಿಡಿದಿಟ್ಟುಕೊಳ್ಳುವ ಅವಸರದಲ್ಲಿ ಇಡೀ ಪ್ರದೇಶವನ್ನು ಮೂರು ವರ್ಷಕ್ಕೆ ಅವನಿಗೇ ಬರೆದುಕೊಡುತ್ತಾರೆ. ಇಷ್ಟು ಮಾಲು ಎತ್ತದಿದ್ದರೆ ಹಕ್ಕು ಬಿದ್ದುಹೋಗುತ್ತದೆ ಎಂಬ ಕನಿಷ್ಠ ಖರೀದಿಯ ಷರತ್ತು ಇರುವುದಿಲ್ಲ. ಅವನು ಮಾರುವುದೂ ಇಲ್ಲ, ಬೇರೆಯವರಿಗೆ ಮಾರಲು ಬಿಡುವುದೂ ಇಲ್ಲ. ಎರಡು ವರ್ಷ ಕಳೆದು ಕಂಪನಿಯನ್ನು ಕೊಳ್ಳಲು ಬಂದವರು ಕಾಗದಪತ್ರ ತೆಗೆಸಿ ನೋಡಿದಾಗ ಆ ಷರತ್ತು ಹೊರಬರುತ್ತದೆ, ಕೊಳ್ಳುವ ಬೆಲೆ ಇಳಿಯುತ್ತದೆ. ಈ ನಷ್ಟವನ್ನು ಯಾರೂ ಕಾನೂನು ವೆಚ್ಚ ಎಂದು ಬರೆದಿಡುವುದಿಲ್ಲ. ಆದ್ದರಿಂದಲೇ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಬೇಕಾಗಿರುವುದು ಪ್ರಸ್ತಾವ ಹೊರಡುವ ಮೊದಲು ಅರ್ಧ ಗಂಟೆಯ ಒಂದು ಮಾತುಕತೆ. ದುಡ್ಡು ಯಾವ ಘಟನೆಯ ಮೇಲೆ ಬರುತ್ತದೆ? ಕೆಲಸ ಮುಗಿಯಿತು ಎಂದು ಒಪ್ಪುವವರು ಯಾರು, ಅವರು ಸುಮ್ಮನಿದ್ದರೆ ಎಷ್ಟು ದಿನದ ನಂತರ ಒಪ್ಪಿದಂತೆ? ಎಲ್ಲ ಕೆಟ್ಟರೆ ನಾವು ತೆರಬೇಕಾದ ಗರಿಷ್ಠ ಮೊತ್ತ ಎಷ್ಟು? ಯಾರ ಡೇಟಾ ನಮ್ಮ ಕೈಗೆ ಬರುತ್ತದೆ, ಅದನ್ನು ಎಲ್ಲಿಡುತ್ತೇವೆ? ಬೇಡವೆನಿಸಿದರೆ ಹೊರಬರುವುದು ಹೇಗೆ? ಇವುಗಳಿಗೆ ಸೇಲ್ಸ್, ಹಣಕಾಸು, ತಾಂತ್ರಿಕ ತಂಡಗಳು ಒಂದೇ ಉತ್ತರ ಕೊಟ್ಟರೆ ಕರಾರು ಬರೆಯುವುದು ಸುಲಭ. ಹೆಚ್ಚಿನ ಸಲ ಮೂವರ ಉತ್ತರ ಮೂರು ಬಗೆ. ಆಮೇಲಿನ ವ್ಯಾಜ್ಯಗಳ ಬೀಜ ಅಲ್ಲೇ ಇರುತ್ತದೆ.

ಎಲ್ಲ ಕಾಗದವೂ ನಮ್ಮ ಮುಂದೆ ಬರಬೇಕೆಂದು ನಾವು ಕೇಳುತ್ತಿಲ್ಲ. ಅದು ನಮಗೂ ಬೇಡ. ನಿಮ್ಮದೇ ನಮೂನೆಯಲ್ಲಿರುವ ಗೌಪ್ಯತಾ ಕರಾರು, ಕಡಿಮೆ ಮೊತ್ತದ ಖರೀದಿ, ಹಳೆಯ ಷರತ್ತಿನಲ್ಲೇ ನವೀಕರಣ, ಇವು ವಕೀಲರನ್ನು ಮುಟ್ಟದೆ ಹೋಗಲಿ. ನಡುವಿನ ದರ್ಜೆಯವಕ್ಕೆ ನಾವೊಂದು ಸಂಧಾನದ ಕೈಪಿಡಿ ಬರೆದುಕೊಡುತ್ತೇವೆ. ಪ್ರತಿ ಮುಖ್ಯ ಷರತ್ತಿಗೂ ಅದರಲ್ಲಿ ಮೂರು ಮೆಟ್ಟಿಲು: ನಾವು ಮೊದಲು ಕೇಳುವುದು, ಎಳೆದರೆ ಬಿಟ್ಟುಕೊಡಬಹುದಾದದ್ದು, ದಾಟಬಾರದ ಗೆರೆ. ಹೊಣೆಯ ಮಿತಿಯನ್ನೇ ತೆಗೆದುಕೊಳ್ಳಿ. ಮೊದಲ ಮೆಟ್ಟಿಲು ಹಿಂದಿನ 12 ತಿಂಗಳಲ್ಲಿ ಪಡೆದ ಶುಲ್ಕದಷ್ಟು. ಎರಡನೆಯದು ಅದರ ಎರಡರಷ್ಟು, ಡೇಟಾ ಸೋರಿಕೆಗೆ ಬೇರೆಯೇ ಮಿತಿ. ಮಿತಿಯೇ ಇಲ್ಲದ ಹೊಣೆಯನ್ನು ವಂಚನೆಯಂಥ ಕೆಲವೇ ಸಂದರ್ಭಗಳಿಗೆ ಬಿಟ್ಟು ಮತ್ತೆಲ್ಲಿಯೂ ಒಪ್ಪುವುದಿಲ್ಲ. ಮೊದಲ ಮೆಟ್ಟಿಲಿಂದ ಇಳಿಯಲು ಸೇಲ್ಸ್ ಮುಖ್ಯಸ್ಥರ ಒಪ್ಪಿಗೆ ಸಾಕೇ, ಹಣಕಾಸು ಮುಖ್ಯಸ್ಥರದ್ದೂ ಬೇಕೇ ಎಂಬುದು ಅದೇ ಪುಟದಲ್ಲಿರಬೇಕು. ಉಳಿದ ದೊಡ್ಡವು, ಹೊಸವು, ಸರ್ಕಾರದ ಕಣ್ಣಿರುವವು ಮಾತ್ರ ನಮ್ಮ ಪೂರ್ಣ ಓದಿಗೆ ಬರಲಿ.

ಈ ಕೈಪಿಡಿಗಳು ಕೆಡುವುದು ಎರಡು ಕಾರಣಕ್ಕೆ. ವಕೀಲರು ಒಬ್ಬರೇ ಕೂತು ಬರೆದಿರುತ್ತಾರೆ, ಮಾರಾಟ ಮಾಡುವವರಿಗೆ ಅದು ಯಾರದೋ ಕಟ್ಟಳೆಯಂತೆ ಕಾಣುತ್ತದೆ. ಅಥವಾ ಬರೆದ ಮೇಲೆ ಯಾರೂ ತೆರೆದು ನೋಡುವುದಿಲ್ಲ. ಆರು ತಿಂಗಳಿಗೊಮ್ಮೆ ಸಹಿಯಾದ ಕರಾರುಗಳನ್ನು ತೆಗೆದು, ಯಾವ ಷರತ್ತನ್ನು ಎಷ್ಟು ಸಲ ಬಿಟ್ಟುಕೊಟ್ಟಿದ್ದೇವೆ ಎಂದು ಎಣಿಸಬೇಕು. ಹತ್ತರಲ್ಲಿ ಎಂಟು ಸಲ ಎರಡನೇ ಮೆಟ್ಟಿಲಿಗೆ ಇಳಿದಿದ್ದರೆ ಅದನ್ನೇ ಮೊದಲ ಮೆಟ್ಟಿಲು ಮಾಡಿ. ಇಲ್ಲವಾದರೆ ಪ್ರತಿ ಸಲವೂ ವಾರಗಟ್ಟಲೆ ಹಗ್ಗಜಗ್ಗಾಟ ನಡೆಸಿ ಕೊನೆಗೆ ಗೊತ್ತಿದ್ದ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಸಹಿಯ ನಂತರದ ಮಾತು ಇನ್ನೂ ನಿರ್ಲಕ್ಷ್ಯಕ್ಕೆ ಒಳಗಾಗಿದೆ. ಕರಾರು ಕಪಾಟಿಗೆ ಹೋದ ಮೇಲೆ ಅದರೊಳಗಿನ ಹೊಣೆಗಳನ್ನು ಯಾರು ನಡೆಸುತ್ತಾರೆ? ತಾನಾಗಿಯೇ ನವೀಕರಣವಾಗುವ ಕರಾರಿನಲ್ಲಿ ‘ಬೇಡ’ ಎನ್ನಲು ಅವಧಿ ಮುಗಿಯುವ 60 ಅಥವಾ 90 ದಿನ ಮೊದಲು ನೋಟಿಸ್ ಕೊಡಬೇಕಿರುತ್ತದೆ. ಎಲ್ಲರ ಕ್ಯಾಲೆಂಡರಿನಲ್ಲಿ ಗುರುತಾಗಿರುವುದು ಅವಧಿ ಮುಗಿಯುವ ದಿನ! ಅದು ಕಣ್ಣಿಗೆ ಬೀಳುವ ಹೊತ್ತಿಗೆ ಇನ್ನೊಂದು ವರ್ಷದ ಶುಲ್ಕ ತಲೆಗೆ ಬಿದ್ದಿರುತ್ತದೆ. ನೋಟಿಸಿನ ಕೊನೆಯ ದಿನಕ್ಕಿಂತ ಮೂವತ್ತು ದಿನ ಮೊದಲು ಗುರುತು ಹಾಕಿ, ಮತ್ತು ಆ ಗುರುತಿನ ಮುಂದೆ ವಿಭಾಗದ ಹೆಸರು ಬೇಡ, ಒಬ್ಬ ವ್ಯಕ್ತಿಯ ಹೆಸರಿರಲಿ. ವಿಭಾಗಕ್ಕೆ ಹೋದ ನೆನಪೋಲೆಯನ್ನು ಯಾರೂ ತೆರೆಯುವುದಿಲ್ಲ. ಹಾಗೆಯೇ ಮುಖ್ಯ ಕರಾರು, ಅದರ ಕೆಳಗಿನ ಕೆಲಸದ ಆದೇಶ, ಖರೀದಿ ಆದೇಶದ ಹಿಂಬದಿಯ ಸಣ್ಣ ಅಕ್ಷರ, ಇವು ಮೂರೂ ಒಂದಕ್ಕೊಂದು ಹೊಂದದಿದ್ದಾಗ ಯಾವುದು ಮೇಲು ಎಂಬ ಒಂದು ಸಾಲು ಇರಲೇಬೇಕು. ಆ ಒಂದು ಸಾಲು ಇಲ್ಲದ್ದರಿಂದಲೇ ಎದ್ದ ಜಗಳಗಳು ಎಣಿಕೆಗೆ ಸಿಗದಷ್ಟಿವೆ.

ನಮ್ಮ ಕಡೆಯ ತಪ್ಪೂ ಇದೆ, ಅದನ್ನು ನೇರವಾಗಿ ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಅಭಿಪ್ರಾಯಗಳನ್ನು ವಕೀಲರು ಬಹಳ ಕಾಲ ಬರೆದಿದ್ದಾರೆ. ಹನ್ನೆರಡು ಪುಟ ಓದಿದ ಮೇಲೂ ಮಾಡಬಹುದೋ ಬೇಡವೋ ತಿಳಿಯದು. ವ್ಯವಹಾರ ನಡೆಸುವವರಿಗೆ ಬೇಕಾದದ್ದು ಒಂದು ಪುಟ, ಅದರ ಮೊದಲ ಸಾಲಿನಲ್ಲೇ ಉತ್ತರ. ಅದರ ಕೆಳಗೆ ಏನು ಕೆಡಬಹುದು, ಕೆಡುವ ಸಂಭವ ಎಷ್ಟು, ಕೆಟ್ಟರೆ ಅತಿ ಹೆಚ್ಚೆಂದರೆ ಎಷ್ಟು ಹಣ, ನಿಯಂತ್ರಕರು ಏನು ಮಾಡಬಹುದು, ನಮ್ಮ ಸಲಹೆ ಯಾವುದು, ನಿರ್ಧಾರ ಯಾರದ್ದು. ‘ಸಂಭವ ಕಡಿಮೆ’ ಎಂದರೆ ನೂರರಲ್ಲಿ ಐದೋ ಮೂವತ್ತೋ ಎಂದು ಕೇಳಿದರೆ ನಾವು ತಡವರಿಸಬಾರದು. ಅಂದಾಜು ಹೇಳಿ, ಅದು ಅಂದಾಜು ಎಂದೂ ಹೇಳಬೇಕು.

ಒಂದು ಗೆರೆಯನ್ನು ಮಾತ್ರ ನಾವೂ ನೀವೂ ಅಳಿಸಬಾರದು. ಕಾನೂನುಬಾಹಿರವಾದದ್ದು ಬೇರೆ, ಅಪಾಯವಿರುವುದು ಬೇರೆ. ಮೊದಲನೆಯದನ್ನು ‘ಲಾಭ-ನಷ್ಟ ತೂಗಿ ನೋಡೋಣ’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಎರಡನೆಯದನ್ನು ತೂಗಬೇಕಾದವರು ವ್ಯವಹಾರದ ಮುಖ್ಯಸ್ಥರು, ನಾವಲ್ಲ. ಅಂಥ ಅಪಾಯವನ್ನು ತೆಗೆದುಕೊಳ್ಳುವಾಗ ಒಂದು ಚಿಕ್ಕ ಟಿಪ್ಪಣಿ ಬರೆದು, ನಿರ್ಧರಿಸಿದವರು ಸಹಿ ಹಾಕಿ, ಆರು ತಿಂಗಳೋ ವರ್ಷವೋ ಅದಕ್ಕೊಂದು ಅವಧಿ ಇಡಲಿ. ಅವಧಿ ಇಲ್ಲದ ಒಪ್ಪಿಗೆ ಪರಿಸ್ಥಿತಿ ಬದಲಾದ ಮೇಲೂ ಹಾಗೇ ಉಳಿದುಬಿಡುತ್ತದೆ. ನಾವು ಕೈ ತೊಳೆದುಕೊಳ್ಳಲು ಈ ಟಿಪ್ಪಣಿಯನ್ನು ಬಳಸಿದರೆ ಅದು ನಮ್ಮ ದ್ರೋಹ.

ಈಗ ಎರಡನೇ ಕೋರಿಕೆ. ಪಾಲುದಾರ ಮತ್ತು ಕಾವಲುಗಾರ, ಎರಡೂ ನಾವೇ ಆಗಿರುವುದರ ಕಷ್ಟವನ್ನು ಅಮೆರಿಕದ ಕಾರು ಕಂಪನಿ ಜನರಲ್ ಮೋಟಾರ್ಸ್‌ನ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ಅದರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ ಓಡುವಾಗಲೇ ಜಾರಿ, ಎಂಜಿನ್ ನಿಂತು, ಏರ್‌ಬ್ಯಾಗ್ ತೆರೆಯದೆ ಹೋಗುತ್ತಿತ್ತು. ಕಾರುಗಳನ್ನು ಹಿಂದಕ್ಕೆ ಕರೆಸಿದ್ದು 2014ರಲ್ಲಿ. ಆಮೇಲಿನ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಅದೇ ವರ್ಷದ ಆಂತರಿಕ ತನಿಖಾ ವರದಿಯಲ್ಲಿ ವಕೀಲರ ಪಾತ್ರವೂ ಬಂತು. ಕಾನೂನು ವಿಭಾಗ ಅಪಘಾತದ ದಾವೆಗಳನ್ನು ಒಂದೊಂದಾಗಿ ರಾಜಿ ಮಾಡಿ ಮುಗಿಸುತ್ತಿತ್ತು. 50 ಲಕ್ಷ ಡಾಲರ್ ಮೀರಿದ ರಾಜಿಗಳಿಗಷ್ಟೇ ಜನರಲ್ ಕೌನ್ಸೆಲ್, ಅಂದರೆ ಕಂಪನಿಯ ಮುಖ್ಯ ವಕೀಲರ ಒಪ್ಪಿಗೆ ಬೇಕಿತ್ತು. ಅದಕ್ಕಿಂತ ಚಿಕ್ಕವು ಕೆಳಗೇ ಮುಗಿದವು, ಏರ್‌ಬ್ಯಾಗ್ ಏಕೆ ತೆರೆಯುತ್ತಿಲ್ಲ ಎಂಬ ಪ್ರಶ್ನೆ ಮೇಲಕ್ಕೆ ಹತ್ತಲಿಲ್ಲ. ವಕೀಲರೂ ಸೇರಿದಂತೆ 15 ಮಂದಿ ಕೆಲಸ ಕಳೆದುಕೊಂಡರು.

ಇದರಲ್ಲಿ ನಿಮಗೂ ನಮಗೂ ಕಲಿಯಲಿಕ್ಕಿದೆ. ಹಣದ ಮಿತಿಯೊಂದನ್ನೇ ಜರಡಿ ಮಾಡಿದರೆ ಜೀವದ ಪ್ರಶ್ನೆ ಅದರ ತೂತಿನಲ್ಲಿ ಜಾರಿಹೋಗುತ್ತದೆ. ಪ್ರತಿ ದೂರು, ಪ್ರತಿ ರಾಜಿ, ಎಷ್ಟೇ ಚಿಕ್ಕದಿರಲಿ, ಒಂದೇ ವಹಿಯಲ್ಲಿ ದಾಖಲಾಗಲಿ: ಯಾವ ಉತ್ಪನ್ನ, ಯಾವ ಭಾಗ, ಏನು ಕೆಟ್ಟಿತು, ಯಾರಿಗೆ ತಿಳಿಸಲಾಯಿತು. ಮೂರು ತಿಂಗಳಿಗೊಮ್ಮೆ ಅದನ್ನು ಮೊತ್ತದ ಪ್ರಕಾರ ಬೇಡ, ಕಾರಣದ ಪ್ರಕಾರ ಜೋಡಿಸಿ ಓದಿ. ಒಂದೇ ಕಾರಣ ಮೂರು ಸಲ ಕಂಡರೆ, ಮೊತ್ತ ಎಷ್ಟೇ ಇದ್ದರೂ, ಅದು ಎಂಜಿನಿಯರಿಂಗ್ ಮುಖ್ಯಸ್ಥರ ಮುಂದೂ ಜನರಲ್ ಕೌನ್ಸೆಲ್ ಮುಂದೂ ಬರಬೇಕು.

ಮೇಲೆ ಹತ್ತುವ ದಾರಿಯನ್ನು ಕಾನೂನೇ ಬರೆದ ಉದಾಹರಣೆ ಇದೆ. ಲೆಕ್ಕಪತ್ರದ ವಂಚನೆಯಿಂದ ಅಮೆರಿಕದ ಎನ್ರಾನ್ ಕಂಪನಿ ಕುಸಿದ ಮೇಲೆ 2002ರಲ್ಲಿ ಅಮೆರಿಕ ತಂದ ಸರ್ಬೇನ್ಸ್-ಆಕ್ಸ್ಲೆ ಕಾಯ್ದೆಯ 307ನೇ ಕಲಮಿನ ಪ್ರಕಾರ, ಷೇರುಪೇಟೆಯ ನಿಯಂತ್ರಕರ ಮುಂದೆ ಕಂಪನಿಯ ಪರ ಕೆಲಸ ಮಾಡುವ ವಕೀಲರಿಗೆ ಗಂಭೀರ ಉಲ್ಲಂಘನೆಯ ಪುರಾವೆ ಕಂಡರೆ ಮೊದಲು ಮುಖ್ಯ ಕಾನೂನು ಅಧಿಕಾರಿಗೆ ಅಥವಾ ಸಿಇಒಗೆ ತಿಳಿಸಬೇಕು. ಅಲ್ಲಿ ತಕ್ಕ ಉತ್ತರ ಬರದಿದ್ದರೆ ಆಡಿಟ್ ಸಮಿತಿಗೆ ಅಥವಾ ನಿರ್ದೇಶಕ ಮಂಡಳಿಗೆ ಒಯ್ಯಬೇಕು. ನಿಮ್ಮ ಕಂಪನಿಗೆ ಆ ಕಾಯ್ದೆ ಅನ್ವಯಿಸದಿರಬಹುದು, ಆದರೆ ಅದೇ ದಾರಿಯನ್ನು ನಿಮ್ಮ ನಿಯಮದಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಬರೆದರೆ ಸಾಲದು, ಅದನ್ನು ಬಳಸುವ ಧೈರ್ಯವೂ ಉಳಿಯಬೇಕು. ಜನರಲ್ ಕೌನ್ಸೆಲ್ ಮೂರು ತಿಂಗಳಿಗೊಮ್ಮೆ ಸಿಇಒ ಇಲ್ಲದ ಕೋಣೆಯಲ್ಲಿ ಆಡಿಟ್ ಸಮಿತಿಯನ್ನು ಕಾಣಲಿ. ಹೇಳಲು ಏನೂ ಇಲ್ಲದ ತಿಂಗಳೂ ಆ ಭೇಟಿ ನಡೆಯಲಿ. ಇಲ್ಲದಿದ್ದರೆ ಕೇಳಿಕೊಂಡು ಭೇಟಿಯಾದ ದಿನವೇ ಅದೊಂದು ದೂರು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅವರ ನೇಮಕ, ವಜಾ, ಸಂಬಳ ಮಂಡಳಿಯ ಒಪ್ಪಿಗೆಯಿಂದಲೇ ಆಗಲಿ. ಸೇಲ್ಸ್ ತಂಡದ ಜೊತೆ ಕೂತು ಕೆಲಸ ಮಾಡುವ ವಕೀಲರ ಮೌಲ್ಯಮಾಪನವನ್ನು ಸೇಲ್ಸ್ ಮುಖ್ಯಸ್ಥರು ಬರೆಯದಿರಲಿ, ಅಭಿಪ್ರಾಯ ಕೊಡಲಿ ಸಾಕು. ಮತ್ತು ದಯವಿಟ್ಟು ವಕೀಲರ ಬೋನಸ್ಸನ್ನು ತ್ರೈಮಾಸಿಕದ ಮಾರಾಟಕ್ಕೆ ಕಟ್ಟಬೇಡಿ. ತ್ರೈಮಾಸಿಕದ ಕೊನೆಯ ದಿನ ಬಂದ ಕರಾರಿಗೆ ‘ಬೇಡ’ ಎಂದರೆ ತನ್ನದೇ ಜೇಬು ಖಾಲಿಯಾಗುತ್ತದೆ ಎಂಬ ಸ್ಥಿತಿಯಲ್ಲಿ ಯಾರ ಸಲಹೆಯನ್ನೂ ನಂಬಲಾಗದು.

ಪಾಲುದಾರರಾದಷ್ಟೂ ಕಷ್ಟವಾಗುವ ಇನ್ನೊಂದು ವಿಷಯ ಗೌಪ್ಯತೆಯ ರಕ್ಷಣೆ, ಅಂದರೆ ವಕೀಲರೊಂದಿಗಿನ ಮಾತನ್ನು ಹೊರಹಾಕುವಂತೆ ಯಾರೂ ಬಲವಂತ ಮಾಡದಂತೆ ಕಾನೂನು ಕೊಡುವ ರಕ್ಷಣೆ. ಹೊರಗಿನ ವಕೀಲರಿಗೆ ಬರೆದ ಪತ್ರಕ್ಕೆ ಸಿಗುವ ಕಾನೂನು ರಕ್ಷಣೆ ನಮಗೆ ಬರೆದ ಪತ್ರಕ್ಕೂ ಸಿಗುತ್ತದೆ ಎಂದು ಬಹಳ ಮಂದಿ ನಿರ್ದೇಶಕರು ನಂಬಿದ್ದಾರೆ. ಅದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 1981ರ ಅಪ್‌ಜಾನ್ ಪ್ರಕರಣದಲ್ಲಿ, ಕಾನೂನು ಸಲಹೆಗಾಗಿ ನೌಕರರು ಕಂಪನಿಯ ವಕೀಲರಿಗೆ ಹೇಳಿದ್ದಕ್ಕೂ ರಕ್ಷಣೆ ಇದೆ ಎಂದಿತು. ಯುರೋಪಿನ ನ್ಯಾಯಾಲಯ 2010ರ ಅಕ್ಜೋ ನೊಬೆಲ್ ತೀರ್ಪಿನಲ್ಲಿ, ಯುರೋಪಿಯನ್ ಕಮಿಷನ್‌ನ ಸ್ಪರ್ಧಾ ಕಾನೂನಿನ ತನಿಖೆಗಳಲ್ಲಿ ಸಂಬಳದ ವಕೀಲರ ಪತ್ರಗಳಿಗೆ ಆ ರಕ್ಷಣೆ ಇಲ್ಲವೆಂದಿತು. ನೌಕರಿಯಲ್ಲಿರುವವರು ಹೊರಗಿನ ವಕೀಲರಷ್ಟು ಸ್ವತಂತ್ರರಲ್ಲ ಎಂಬುದು ಕಾರಣ. ಭಾರತದ ಸುಪ್ರೀಂ ಕೋರ್ಟ್ ಕೂಡ 2025ರ ಅಕ್ಟೋಬರ್‌ನಲ್ಲಿ, ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ರಕ್ಷಣೆ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುವ ವಕೀಲರದ್ದು, ಕಂಪನಿಯ ನೌಕರರಾದ ವಕೀಲರಿಗೆ ಅದು ಸಿಗದು ಎಂದು ಹೇಳಿದೆ.

ರಕ್ಷಣೆ ಇರುವ ಕಡೆಯೂ ಅದು ಕಾನೂನು ಸಲಹೆಗೆ ಮಾತ್ರ, ವ್ಯವಹಾರದ ಸಲಹೆಗಲ್ಲ. ನಾವು ಬೆಲೆ, ಮಾರುಕಟ್ಟೆ, ಸ್ಪರ್ಧಿಗಳ ಬಗ್ಗೆ ಮಾತಾಡಲು ಶುರು ಮಾಡಿದಷ್ಟೂ ಯಾವ ಟೋಪಿ ಹಾಕಿಕೊಂಡು ಬರೆದೆವು ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಕಾನೂನಿನ ಪ್ರಶ್ನೆ ಒಂದು ಇಮೇಲ್, ವ್ಯವಹಾರದ ಚರ್ಚೆ ಇನ್ನೊಂದು ಇಮೇಲ್. ನಮ್ಮನ್ನು ಸಿಸಿಯಲ್ಲಿ ಸೇರಿಸಿದ ಮಾತ್ರಕ್ಕೆ ಪತ್ರ ಗೌಪ್ಯವಾಗುವುದಿಲ್ಲ. ಎಲ್ಲದರ ತಲೆಯ ಮೇಲೂ ‘ಗೌಪ್ಯ’ ಎಂದು ಬರೆದರೆ ನಿಜವಾಗಿ ಗೌಪ್ಯವಾದದ್ದರ ಬೆಲೆಯೂ ಹೋಗುತ್ತದೆ. ಸ್ಪರ್ಧಾ ಕಾನೂನಿನಂಥ ಸೂಕ್ಷ್ಮ ವಿಷಯಕ್ಕೆ ಹೊರಗಿನ ವಕೀಲರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ. ಆಂತರಿಕ ವಿಚಾರಣೆಯಲ್ಲಿ ನೌಕರರನ್ನು ಕೂರಿಸಿದಾಗ ಮೊದಲೇ ಹೇಳಬೇಕಾದ ಮಾತುಗಳೂ ಇವೆ: ನಾನು ಕಂಪನಿಯ ವಕೀಲ, ನಿಮ್ಮ ವಕೀಲನಲ್ಲ, ಈ ಮಾತುಕತೆಯ ಗೌಪ್ಯತೆ ಕಂಪನಿಯದ್ದು, ಅದನ್ನು ಬಿಟ್ಟುಕೊಡಬೇಕೆಂದು ಕಂಪನಿ ತೀರ್ಮಾನಿಸಬಹುದು. ಇದನ್ನು ಹೇಳದೆ ಶುರು ಮಾಡಿದ ವಿಚಾರಣೆಯಲ್ಲಿ ನೌಕರರಿಗೂ ಅನ್ಯಾಯ, ಆಮೇಲೆ ಕಂಪನಿಗೂ ತೊಡಕು.

ವ್ಯಾಜ್ಯ ಬರುವ ಸೂಚನೆ ಸಿಕ್ಕ ದಿನವೇ ನಮಗೆ ತಿಳಿಸಿ. ಇಮೇಲ್ ಮತ್ತು ಚಾಟ್‌ಗಳು ತಾವಾಗಿ ಅಳಿಯುವುದನ್ನು ನಿಲ್ಲಿಸಬೇಕು, ಯಾರ ಬಳಿ ದಾಖಲೆ ಇದೆ ಎಂದು ಪಟ್ಟಿ ಮಾಡಿ ಅವರಿಗೆ ಲಿಖಿತ ಸೂಚನೆ ಹೋಗಬೇಕು, ಕೆಲಸ ಬಿಟ್ಟವರ ಲ್ಯಾಪ್‌ಟಾಪನ್ನು ಒರೆಸಿ ಬೇರೆಯವರಿಗೆ ಕೊಡಬಾರದು. ಹೆಚ್ಚಿನ ಸಲ ಎಡವುವುದು ಈ ಕೊನೆಯದರಲ್ಲೇ. ಡೇಟಾ ಸೋರಿಕೆಯಲ್ಲಂತೂ ಗಂಟೆಗಳ ಲೆಕ್ಕ: ಯುರೋಪಿನ ಡೇಟಾ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ ವಿಷಯ ತಿಳಿದ 72 ಗಂಟೆಯೊಳಗೆ ನಿಯಂತ್ರಕರಿಗೆ ಹೇಳಬೇಕು. ಮೂರನೇ ದಿನ ವಕೀಲರಿಗೆ ಫೋನ್ ಮಾಡುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕೃತಕ ಬುದ್ಧಿಮತ್ತೆಯಿಂದ ವಕೀಲರ ಸಂಖ್ಯೆ ಕಡಿಮೆ ಮಾಡಬಹುದೇ ಎಂದು ಕೇಳುತ್ತಿದ್ದೀರಿ. ಬಂದ ಕರಾರನ್ನು ಕೈಪಿಡಿಯ ಜೊತೆ ಹೋಲಿಸಿ ವ್ಯತ್ಯಾಸ ಗುರುತಿಸಲು ಅದು ಒಳ್ಳೆಯ ಸಹಾಯಕ, ನಾವೂ ಬಳಸುತ್ತೇವೆ. ಆದರೆ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಯಂತ್ರ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿದ್ದನ್ನು ನೆನಪಿಡಿ. ಗುಟ್ಟಿನ ಕರಾರನ್ನು ಸಾರ್ವಜನಿಕ ಉಪಕರಣಕ್ಕೆ ಸುರಿಯದಂತೆ ಇಡೀ ಕಂಪನಿಗೆ ನಿಯಮ ಬೇಕು, ನಮಗೊಬ್ಬರಿಗೇ ಅಲ್ಲ.

ನಮ್ಮ ಕೆಲಸವನ್ನು ಅಳೆಯುವ ಬಗೆಯನ್ನೂ ಬದಲಿಸಿ. ಎಷ್ಟು ಕರಾರು ನೋಡಿದೆವು ಎಂದು ಎಣಿಸಿದರೆ ನಾವು ಸುಲಭದ್ದನ್ನೇ ಬಿಡದೆ ನೋಡುತ್ತೇವೆ. ಕೋರಿಕೆ ಬಂದ ದಿನದಿಂದ ಸಹಿಯ ದಿನದವರೆಗೆ ಎಷ್ಟು ದಿನ ಆಯಿತು, ಅದರಲ್ಲಿ ನಮ್ಮ ಬಳಿ ಎಷ್ಟು, ಮಾಹಿತಿಗಾಗಿ ವ್ಯವಹಾರದ ಬಳಿ ಎಷ್ಟು, ಎದುರು ಪಕ್ಷದ ಬಳಿ ಎಷ್ಟು ಎಂದು ಬೇರ್ಪಡಿಸಿ ಬರೆಯಿರಿ. ‘ಲೀಗಲ್‌ನಲ್ಲಿ ಸಿಕ್ಕಿಕೊಂಡಿದೆ’ ಎಂಬ ದೂರಿನಲ್ಲಿ ಎಷ್ಟು ನಿಜ ಎಂದು ಆಗ ಗೊತ್ತಾಗುತ್ತದೆ. ತಪ್ಪು ನಮ್ಮದಿದ್ದರೆ ಅದೂ ಗೊತ್ತಾಗಲಿ. ಬೆಲೆ ನಿಗದಿಯಾಗುವ ಮೊದಲು ನಮ್ಮನ್ನು ಕರೆದ ವ್ಯವಹಾರಗಳು ಎಷ್ಟು, ಒಂದೇ ಷರತ್ತಿನಿಂದ ಮರುಕಳಿಸಿದ ವ್ಯಾಜ್ಯಗಳು ಎಷ್ಟು, ಇವೆರಡು ಅಂಕಿ ಸಾಕು, ಉಳಿದದ್ದನ್ನು ನೀವೇ ಓದಿಕೊಳ್ಳುತ್ತೀರಿ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೆ ನಲವತ್ತು ನಿಮಿಷ ಕೊಡಿ. ಕಳೆದ ವರ್ಷ ಸಹಿಯಾದ ಹತ್ತು ದೊಡ್ಡ ಕರಾರುಗಳನ್ನು ನಾವು ತರುತ್ತೇವೆ. ಪ್ರತಿಯೊಂದರ ಮುಂದೆ ಎರಡು ದಿನಾಂಕ ಇರುತ್ತದೆ, ಬೆಲೆ ಒಪ್ಪಿಗೆಯಾದ ದಿನ ಮತ್ತು ಅದು ನಮ್ಮ ಕೈಗೆ ಬಂದ ದಿನ. ಅವುಗಳ ನಡುವಿನ ಅಂತರವನ್ನು ನೋಡಿಯೇ ಚರ್ಚೆ ಶುರು ಮಾಡೋಣ.

ಇಂತಿ,
ಕಂಪನಿಗಳ ಒಳಗೆ ಕೆಲಸ ಮಾಡುವ ವಕೀಲರು